ಒಂದಾಳು ನೀರಿಗೆ ಏಳು ಮಾರು ಹಗ್ಗ: ನಮ್ಮ ಸಣ್ಣ ದೋಣಿಗೆ ತಂದ ನಾಲ್ಕು ಲಂಗರುಗಳು

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ನಮ್ಮ ಭಾವನ ತೋಟದ ಕೆರೆಯಲ್ಲಿ ಗಾಳ ಹಾಕಿಕೊಂಡು ಕೂತಿದ್ದೆವು. ಕೆರೆ ತುಂಬಿ ಕೋಡಿ ಬಿದ್ದಿತ್ತು. ದೋಣಿ 12 ಅಡಿಯ ಫೈಬರ್‌ದು, ಇಂಜಿನ್ ಇಲ್ಲ, ಹುಟ್ಟು ಹಾಕಿಯೇ ಹೋಗಬೇಕು. ಲಂಗರು ಅಂತ ಏನೂ ಇರಲಿಲ್ಲ. ಒಂದು ಸೈಜುಗಲ್ಲಿಗೆ ಹಗ್ಗ ಬಿಗಿದು ನೀರಿಗೆ ಬಿಟ್ಟಿದ್ದೆವು. 10 ಕೆಜಿ ಮೇಲೇ ಇತ್ತು, ಇಷ್ಟು ಸಾಕು ಅಂದುಕೊಂಡಿದ್ದೆವು. ಮೂರು ಗಂಟೆ ಹೊತ್ತಿಗೆ ಪಡುವಣ ಗಾಳಿ ಎದ್ದಿತು. ಅಕ್ಕನ ಮಗ, ಒಂಬತ್ತು ವರ್ಷದವನು, "ಮಾವ, ಆ ಮರ ಹತ್ರ ಬರ್ತಾ ಇದೆ" ಅಂದ. ತಿರುಗಿ ನೋಡಿದರೆ ದೋಣಿ ಕಲ್ಲನ್ನೂ ಎಳೆದುಕೊಂಡು ಕೋಡಿ ಕಡೆಗೆ ಹೊರಟಿತ್ತು. ನೀರು ಕೋಡಿ ಮೇಲೆ ಉರುಳುವ ಸದ್ದು ಆಗಲೇ ಕಿವಿಗೆ ಬೀಳುತ್ತಿತ್ತು. ಭಾವ ಒಂದು ಹುಟ್ಟು, ನಾನು ಒಂದು ಹುಟ್ಟು ಹಿಡಿದು ಕೈ ಬೊಬ್ಬೆ ಬರುವಷ್ಟು ಹಾಕಿ, ಪಕ್ಕದ ಜೊಂಡಿನೊಳಗೆ ದೋಣಿ ನುಗ್ಗಿಸಿ ನಿಲ್ಲಿಸಿದೆವು. ಮೂರೂ ಜನ ಲೈಫ್ ಜಾಕೆಟ್ ಹಾಕಿದ್ದೆವು, ಅದೊಂದು ಧೈರ್ಯ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ಈಚೆಗೆ ನಾಲ್ಕು ಲಂಗರು ತಂದು ನೋಡಿದ್ದೇನೆ. ಕೆರೆಯಲ್ಲಿ, ಹಿನ್ನೀರಿನಲ್ಲಿ ಸಣ್ಣ ದೋಣಿ, ಕಯಾಕ್, ಗಾಳಿ ತುಂಬುವ ಬೋಟು ಇಟ್ಟುಕೊಂಡವರು ನಮ್ಮ ಹಾಸನ, ಚಿಕ್ಕಮಗಳೂರಿನಲ್ಲಿ ಈಗ ಜಾಸ್ತಿ ಆಗುತ್ತಿದ್ದಾರೆ. ಹೋಂಸ್ಟೇಗಳಲ್ಲಂತೂ ಅತಿಥಿಗಳಿಗೆ ಅಂತಲೇ ಒಂದು ದೋಣಿ ಇರುತ್ತದೆ. ಆದರೆ ಲಂಗರಿನ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಕಲ್ಲು, ಮರಳು ತುಂಬಿದ ಚೀಲ, ಸಿಮೆಂಟ್ ತುಂಬಿದ ಪೇಂಟ್ ಡಬ್ಬ, ಇಷ್ಟೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆ ಕಲ್ಲಿನ ವಿಷಯ ಮುಗಿಸಿಬಿಡುತ್ತೇನೆ. ನೀರಿಗೆ ಇಳಿದ ಕೂಡಲೇ ಯಾವ ವಸ್ತುವಾದರೂ ತಾನು ಪಕ್ಕಕ್ಕೆ ತಳ್ಳಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ, ಸ್ಕೂಲಿನಲ್ಲಿ ಓದಿದ್ದೇ ಇದು. 10 ಕೆಜಿ ಗ್ರಾನೈಟ್ ಕಲ್ಲು ನೀರಿನಲ್ಲಿ ಸುಮಾರು 6 ಕೆಜಿ ಮಾತ್ರ. ಸಿಮೆಂಟ್ ಕಾಂಕ್ರೀಟ್ ಅದಕ್ಕಿಂತಲೂ ಒಂದಿಷ್ಟು ಕಡಿಮೆ. ಮರಳಿನ ಚೀಲವೂ ಕಲ್ಲಿನ ಹಾಗೇ. ಕಬ್ಬಿಣ ಆದರೆ ಹತ್ತಕ್ಕೆ ಎಂಟೂಮುಕ್ಕಾಲು ಉಳಿಯುತ್ತದೆ. ತೂಕಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಕಲ್ಲು ನೆಲವನ್ನು ಕಚ್ಚುವುದಿಲ್ಲ. ಸುಮ್ನೆ ಕೂತಿರುತ್ತದೆ, ಎಳೆದರೆ ಬರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲೆ ಅದು ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಅಲುಗಾಡದೆ ಕೂತ ಕಲ್ಲು ಮಧ್ಯಾಹ್ನ ಯಾಕೆ ಹೊರಟಿತು ಅಂತ ನನಗೆ ಅರ್ಥ ಆಗಿದ್ದು ಇದನ್ನು ತಿಳಿದ ಮೇಲೆ.

ಮೊದಲು ತರಿಸಿದ್ದು ಆನ್‌ಲೈನ್‌ನಲ್ಲಿ ಸಿಗುವ ಮಡಚುವ ಲಂಗರು. ಗ್ರಾಪ್ನೆಲ್ ಅಂತಾರೆ. ನೋಡಿದ ತಕ್ಷಣ ಯಾರಿಗಾದರೂ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ನೆನಪಾಗುತ್ತದೆ. ನಡುವೆ ಒಂದು ಸರಳು, ಅದರ ತುದಿಗೆ ನಾಲ್ಕು ಕೊಕ್ಕೆ. ಕೊಕ್ಕೆಗಳನ್ನು ಛತ್ರಿ ಹಾಗೆ ಮಡಚಬಹುದು, ಬಿಡಿಸಿದ ಮೇಲೆ ಒಂದು ಬಳೆ ಜಾರಿಸಿದರೆ ಹಾಗೇ ನಿಲ್ಲುತ್ತವೆ. ನನ್ನದು 1.5 ಕೆಜಿ. ಜೊತೆಗೆ ಹತ್ತು ಮೀಟರ್ ಹಗ್ಗ, ಒಂದು ಕ್ಲಿಪ್ಪು, ಒಂದು ಚೀಲ. ಚೀಲ ಚೆನ್ನಾಗಿದೆ. ಹಗ್ಗ ಸಣ್ಣದು, ಪ್ಲಾಸ್ಟಿಕ್‌ದು, ಅದನ್ನು ಬಟ್ಟೆ ಒಣಹಾಕಲು ಅಕ್ಕನಿಗೆ ಕೊಟ್ಟೆ. ಕ್ಲಿಪ್ಪನ್ನು ನಂಬಲೇಬೇಡಿ, ಎರಡನೇ ಸಲಕ್ಕೇ ಅದರ ಬಾಯಿ ತೆರೆದುಕೊಂಡಿತ್ತು. ಆ ಬಳೆಯೂ ಅಷ್ಟೇ, ಪ್ರತಿ ಸಲ ನೀರಿಗೆ ಬಿಡುವ ಮುಂಚೆ ಕೈಯಲ್ಲಿ ತಿರುವಿ ನೋಡಬೇಕು. ಅದು ಜಾರಿದರೆ ನೀರಿನೊಳಗೇ ಕೊಕ್ಕೆ ಮಡಚಿಕೊಳ್ಳುತ್ತವೆ, ಮೇಲಿರುವ ನಿಮಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು ಅಣಬೆ ಲಂಗರು. ಅಣಬೆ ತಲೆಕೆಳಗಾದ ಹಾಗೆ, ಕೆಳಗೆ ಬಟ್ಟಲು, ಮೇಲೆ ಕಂಬಿ. 4 ಕೆಜಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ದೋಣಿಗೆ ಗೀರು ಬೀಳುವುದಿಲ್ಲ, ಮಕ್ಕಳ ಕಾಲಿಗೆ ಚುಚ್ಚುವ ಮೂಲೆ ಇಲ್ಲ. ಈ ನಮೂನೆ ಲಂಗರು ವಾರಗಟ್ಟಲೆ ಒಂದೇ ಕಡೆ ಬಿದ್ದು ಕೆಸರಿನಲ್ಲಿ ಹೂತುಕೊಂಡ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಲೈಟ್‌ಹೌಸ್ ಕಟ್ಟಲಾಗದ ಜಾಗದಲ್ಲಿ ದೀಪ ಹೊತ್ತು ನಿಲ್ಲುತ್ತಿದ್ದ ಹಡಗುಗಳಿಗೆ ಇದನ್ನೇ ಬಳಸುತ್ತಿದ್ದರು. ಆದರೆ ನಮ್ಮ ಹಾಗೆ ಬೆಳಿಗ್ಗೆ ಬಿಟ್ಟು ಸಂಜೆ ಎತ್ತುವವರಿಗೆ ಅದು ಹೂತುಕೊಳ್ಳುವಷ್ಟು ಪುರುಸೊತ್ತೇ ಇರುವುದಿಲ್ಲ. ಗಾಳಿ ಇಲ್ಲದ ದಿನ, ಒಬ್ಬರೇ ಕೂರುವ ಕಯಾಕ್‌ಗೆ ಪರವಾಗಿಲ್ಲ. ನಮ್ಮ ದೋಣಿಗೆ ಆಗಲಿಲ್ಲ.

ಮೂರನೆಯದನ್ನು ಮಾಡಿಸಿದ್ದು, ಹಾಸನದ ಒಂದು ವೆಲ್ಡಿಂಗ್ ಶಾಪಿನಲ್ಲಿ. ಮಲ್ಪೆ ಕಡೆ ಸಣ್ಣ ದೋಣಿಯವರು ಕಬ್ಬಿಣದ ಸರಳು ಬಗ್ಗಿಸಿ ಲಂಗರು ಮಾಡಿಸಿಕೊಳ್ಳುವುದನ್ನು ನೋಡಿದ್ದೆ. ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರೆ ಮೇಸ್ತ್ರಿ, "ಸರ್, ಬಾವಿಗೇನ್ ಬಿತ್ತು?" ಅಂತ ಕೇಳಿದರು. ದೋಣಿಗೆ ಅಂದ ಮೇಲೆ ಅವರಿಗೇ ಹುರುಪು ಬಂತು. 12 ಎಂಎಂ ಸರಳಿನ ನಾಲ್ಕು ತುಂಡು ಕೆಂಪಗೆ ಕಾಯಿಸಿ ಪೈಪಿನಲ್ಲಿ ಸಿಕ್ಕಿಸಿ ಬಗ್ಗಿಸಿದರು. ತುದಿಗಳನ್ನು ಗ್ರೈಂಡರ್‌ನಲ್ಲಿ ಚಪ್ಪಟೆ ಮಾಡಿದರು. ನಡುವಿನ ಕಂಬಿಗೆ ದಪ್ಪ ಪೈಪು ಹಾಕಿ, ಕೆಳಗೂ ಮೇಲೂ ಒಂದೊಂದು ಬಳೆ ಬೆಸುಗೆ ಮಾಡಿದರು. ಕೆಳಗಿನ ಬಳೆ ಯಾಕೆ ಅಂತ ಮುಂದೆ ಹೇಳುತ್ತೇನೆ, ಅದು ಬಹಳ ಮುಖ್ಯ. ತೂಗಿದರೆ 5 ಕೆಜಿ ಹತ್ತಿರ ಬಂತು. ರೆಡ್ ಆಕ್ಸೈಡ್ ಹೊಡೆಸಿ ತಂದೆ. ಕೊಟ್ಟಿದ್ದು 900 ರೂಪಾಯಿ. ದುಡ್ಡಿಗೆ ತಕ್ಕ ಮಾಲು ಅಂದರೆ ಇದೇ.

ನಾಲ್ಕನೆಯದು ಮಂಗಳೂರಿಗೆ ಹೋದಾಗ ದಕ್ಕೆ (ಮೀನು ದೋಣಿಗಳು ನಿಲ್ಲುವ ಕಟ್ಟೆ) ಹತ್ತಿರದ ಅಂಗಡಿಯಲ್ಲಿ ತಂದಿದ್ದು, ಡ್ಯಾನ್‌ಫೋರ್ತ್ ಮಾದರಿ. ಎರಡು ಚಪ್ಪಟೆ ಚೂಪು ರೆಕ್ಕೆ, ನಡುವೆ ಬಾಗಿಲ ಕೀಲಿನ ಹಾಗೆ ಆಡುವ ಉದ್ದನೆ ಕಂಬಿ. ಯಾವ ಕಡೆ ಮಗುಚಿ ಬಿದ್ದರೂ ರೆಕ್ಕೆಗಳು ನೆಲದ ಕಡೆಗೇ ವಾಲುತ್ತವೆ. ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ 1940ರ ಹೊತ್ತಿಗೆ ಮಾಡಿದ್ದು ಇದು, ಎರಡನೇ ಮಹಾಯುದ್ಧದಲ್ಲಿ ದಡಕ್ಕೆ ನುಗ್ಗಿದ ಬೋಟುಗಳು ತಮ್ಮನ್ನು ತಾವೇ ಹಿಂದಕ್ಕೆ ಎಳೆದುಕೊಳ್ಳಲು ಇದನ್ನು ಬಳಸಿದವು. ನನ್ನದು 4 ಕೆಜಿ, ಬಿಸಿ ಸತುವಿನಲ್ಲಿ ಅದ್ದಿದ ಜಿಐ. ನಿಜ ಹೇಳಬೇಕೆಂದರೆ ನಮ್ಮ ದೋಣಿಗೆ ಎರಡೂವರೆ ಕೆಜಿಯದೇ ಸಾಕಿತ್ತು. ಆ ಕೋಡಿ ಸದ್ದು ಇನ್ನೂ ಕಿವಿಯಲ್ಲಿತ್ತು, ಅದಕ್ಕೆ ದೊಡ್ಡದೇ ತಂದೆ.

ಏಪ್ರಿಲ್‌ನಲ್ಲಿ ಕೆರೆ ಅರ್ಧಕ್ಕೆ ಇಳಿದಾಗ ಭಾವ ಒಂದು ಒಳ್ಳೆ ಉಪಾಯ ಹೇಳಿದರು. ನೀರಿನ ಅಂಚಿನಲ್ಲಿ ಗೋಡುಮಣ್ಣು ಇನ್ನೂ ಹಸಿಯಾಗಿತ್ತು, ಕಾಲಿಟ್ಟರೆ ಪಾದ ಮುಳುಗುವಷ್ಟು. ಅಲ್ಲಿ ಎಲ್ಲವನ್ನೂ ಒಂದೊಂದಾಗಿ ಇಟ್ಟು, ಹಗ್ಗವನ್ನು ನೆಲಕ್ಕೆ ಹತ್ತಿರ ಹಿಡಿದು ಎಳೆದು ನೋಡೋಣ ಅಂದರು. ಕಲ್ಲು ಒಂದು ಕೈಯಲ್ಲೇ ಬಂತು. ಅಣಬೆ ಸ್ವಲ್ಪ ಮುನಿಸಿಕೊಂಡು ಬಂತು. ಮಡಚುವ ಗ್ರಾಪ್ನೆಲ್ ಬಾಚಣಿಗೆ ಹಾಗೆ ನಾಲ್ಕು ಗೆರೆ ಎಳೆದುಕೊಂಡು ಜಾರಿತು, ಎಲ್ಲೂ ನಿಲ್ಲಲಿಲ್ಲ. ಮೇಸ್ತ್ರಿ ಮಾಡಿದ್ದು ಅದಕ್ಕಿಂತ ವಾಸಿ, ಆದರೆ ಇಬ್ಬರು ಎಳೆದರೆ ಅದೂ ಬಂತು. ಡ್ಯಾನ್‌ಫೋರ್ತ್ ಮೊದಲ ಒಂದಡಿ ಜಾರಿ, ರೆಕ್ಕೆ ತುದಿ ಮಣ್ಣಿಗೆ ತಾಗಿದ ಕೂಡಲೇ ಕಣ್ಣೆದುರೇ ಒಳಕ್ಕೆ ಇಳಿಯಿತು. ನಾನು, ಭಾವ, ತೋಟದ ಇನ್ನಿಬ್ಬರು, ನಾಲ್ಕು ಜನ ಕಾಲೂರಿ ಎಳೆದಷ್ಟೂ ಇನ್ನೂ ಕೆಳಕ್ಕೆ ಹೋಯಿತು. ಕಡೆಗೆ ಕಂಬಿಯ ತುದಿ ಮಾತ್ರ ಕಾಣುತ್ತಿತ್ತು. ಆಮೇಲೆ ಭಾವ ಅದರ ತಲೆ ಮೇಲೆಯೇ ಹೋಗಿ ನಿಂತು ಹಗ್ಗವನ್ನು ನೇರ ಮೇಲಕ್ಕೆ ಎತ್ತಿದರು. ಪಚಕ್ ಅಂತ ಎದ್ದು ಬಂತು. ಎರಡೂ ರೆಕ್ಕೆ ಮೇಲೆ ಕಪ್ಪು ನೀಲಿ ಗೋಡು ಮೆತ್ತಿತ್ತು, ಕೊಳೆತ ಎಲೆ ವಾಸನೆ.

ಉತ್ತು ಗೊತ್ತಿದ್ದವರಿಗೆ ಇದನ್ನು ವಿವರಿಸುವುದೇ ಬೇಡ. ನೇಗಿಲ ಗುಳವೂ ಹೀಗೇ ಅಲ್ವಾ? ಎತ್ತು ಮುಂದಕ್ಕೆ ಎಳೆದಂತೆ ಗುಳ ಮಣ್ಣಿಗೆ ಇಳಿಯುತ್ತದೆ, ನೇಗಿಲನ್ನು ಮೇಲಕ್ಕೆ ಎತ್ತಿದರೆ ಕಿತ್ತು ಬರುತ್ತದೆ. ಲಂಗರು ಹಿಡಿಯುವುದು ಅಡ್ಡ ಎಳೆತಕ್ಕೆ, ಬಿಡುವುದು ಮೇಲೆಳೆತಕ್ಕೆ. ಇಂಗ್ಲೆಂಡಿನ ವಿಜ್ಞಾನಿ ಜೆಫ್ರಿ ಟೇಲರ್ 1933ರಲ್ಲಿ ಮಾಡಿದ ಒಂದು ಲಂಗರು ನೇಗಿಲ ಗುಳದ ಆಕಾರದ್ದೇ. ಇವತ್ತಿಗೂ ಅದನ್ನು ನೇಗಿಲು ಲಂಗರು ಅಂತಲೇ ಕರೆಯುತ್ತಾರೆ.

ಅಡ್ಡ ಎಳೆತ ಬೇಕು ಅಂದರೆ ಹಗ್ಗ ಉದ್ದ ಇರಲೇಬೇಕು. ನನ್ನ ಪ್ರಕಾರ ಲಂಗರು ಕೊಳ್ಳುವವರು ಮೊದಲು ಹಗ್ಗದ ಲೆಕ್ಕ ಹಾಕಿ ಆಮೇಲೆ ಕಬ್ಬಿಣ ನೋಡಬೇಕು. ಎಲ್ಲರೂ ಮಾಡುವ ತಪ್ಪು ಏನೆಂದರೆ ನೀರು ಎಷ್ಟು ಆಳವೋ ಅಷ್ಟೇ ಹಗ್ಗ, ಹೆಚ್ಚೆಂದರೆ ಎರಡು ಮೊಳ ಜಾಸ್ತಿ. ಆಗ ಪ್ರತಿ ಅಲೆಗೂ ದೋಣಿ ಮೇಲೆದ್ದು ಲಂಗರನ್ನು ನೇರ ಮೇಲಕ್ಕೆ ಎತ್ತುತ್ತದೆ, ನೀವೇ ಅದನ್ನು ಕೀಳುತ್ತಿದ್ದೀರಿ ಅಂತ ಅರ್ಥ. ದೋಣಿಯವರು ಎಲ್ಲ ಕಡೆ ಹೇಳುವ ಲೆಕ್ಕ ಒಂದಕ್ಕೆ ಏಳು, ಅಂದರೆ ಆಳದ ಏಳು ಪಟ್ಟು ಹಗ್ಗ. ಗಾಳಿ ಕಡಿಮೆ ಇದ್ದರೆ ಐದು. ಊಟಕ್ಕೆ ಅಂತ ಅರ್ಧ ಗಂಟೆ ನಿಲ್ಲಲು, ನೀರು ಕನ್ನಡಿ ಹಾಗಿದ್ದರೆ, ಮೂರು ನಡೆಯುತ್ತದೆ. ನಮ್ಮ ಅಳತೆಗೆ ಇದು ತುಂಬ ಸಲೀಸು. ಎರಡೂ ಕೈ ಚಾಚಿದರೆ ಒಂದು ಮಾರು, ಅದು ಹೆಚ್ಚುಕಡಿಮೆ ಅದೇ ಮನುಷ್ಯನ ಎತ್ತರ. ಹಾಗಾಗಿ ಒಂದಾಳು ನೀರಿಗೆ ಏಳು ಮಾರು ಹಗ್ಗ. ಎರಡಾಳು ನೀರಿಗೆ ಹದಿನಾಲ್ಕು ಮಾರು. ಟೇಪು ಬೇಡ, ಫೋನು ಬೇಡ, ಹಗ್ಗ ಬಿಡುತ್ತಾ ಕೈಯಲ್ಲೇ ಎಣಿಸಿಕೊಳ್ಳಬಹುದು. ಒಂದು ಮಾತು ಮರೆಯಬಾರದು, ಆಳ ಅಂದರೆ ನೀರಿನ ಮಟ್ಟದಿಂದ ಅಲ್ಲ, ದೋಣಿಯಲ್ಲಿ ಹಗ್ಗ ಕಟ್ಟಿದ ಜಾಗದಿಂದ. ನಮ್ಮ ದೋಣಿಯ ಮೂತಿ ನೀರಿಗಿಂತ ಒಂದೂವರೆ ಅಡಿ ಮೇಲಿದೆ. 12 ಅಡಿ ನೀರು ಅಂದರೆ ಲೆಕ್ಕಕ್ಕೆ ಹದಿಮೂರೂವರೆ, ಏಳರಿಂದ ಗುಣಿಸಿದರೆ 95 ಅಡಿ ಹತ್ತಿರ. 30 ಮೀಟರ್ ಹಗ್ಗ ಬೇಕೇ ಬೇಕು. ಮಡಚುವ ಲಂಗರಿನ ಜೊತೆ ಬಂದ ಹತ್ತು ಮೀಟರ್ ಹಗ್ಗ ಒಂದಾಳು ನೀರಿಗೂ ಸಾಲುವುದಿಲ್ಲ ನೋಡಿ.

ಹಗ್ಗ ನೈಲಾನ್‌ದೇ ಇರಲಿ. ಅದು ಎಳೆದಾಗ ಹಿಗ್ಗುತ್ತದೆ, ಗಾಳಿಯ ಜಗ್ಗು ಲಂಗರಿಗೆ ನೇರವಾಗಿ ಬಡಿಯುವುದಿಲ್ಲ. ನೀರಿನಲ್ಲಿ ಮುಳುಗುತ್ತದೆ ಕೂಡ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ನೀರಿನ ಮೇಲೆ ತೇಲುತ್ತದೆ, ಪಕ್ಕದಲ್ಲಿ ಮೋಟಾರ್ ಬೋಟು ಬಂದರೆ ಅದರ ಫ್ಯಾನಿಗೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಪುಡಿ ಉದುರಲು ಶುರುವಾಗುತ್ತದೆ. ನಾನು ತಂದಿದ್ದು 10 ಎಂಎಂ. ಬಲಕ್ಕೆ 8 ಸಾಕು, ಆದರೆ ಒದ್ದೆ ಕೈಯಲ್ಲಿ ಎಳೆಯುವಾಗ ಸಣ್ಣ ಹಗ್ಗ ಅಂಗೈ ಕೊಯ್ಯುತ್ತದೆ.

ಹಗ್ಗಕ್ಕೂ ಲಂಗರಿಗೂ ನಡುವೆ ಎರಡು ಮೀಟರ್ ಚೈನು ಹಾಕಿ. ನನ್ನದು 6 ಎಂಎಂ ಜಿಐ ಚೈನು, ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕೊಟ್ಟರು. ಚೈನಿನ ಭಾರ ಕಂಬಿಯನ್ನು ನೆಲಕ್ಕೆ ಒತ್ತಿ ಮಲಗಿಸುತ್ತದೆ, ಕಲ್ಲು ಮುಳ್ಳಿಗೆ ಉಜ್ಜಿ ಹಗ್ಗ ಸವೆಯುವುದಿಲ್ಲ. ಜೋಡಿಸಲು ಡಿ ಶಾಕಲ್, ಅಂದರೆ ತಿರುಪು ಹಾಕಿ ಮುಚ್ಚುವ ಡಿ ಆಕಾರದ ಕೊಂಡಿ. ಅದರ ತಿರುಪನ್ನು ಬಿಗಿ ಮಾಡಿದ ಮೇಲೆ ತೂತಿಗೆ ತಂತಿ ಹಾಕಿ ಸುತ್ತಿಬಿಡಿ. ಈ ಎರಡು ರೂಪಾಯಿ ತಂತಿ ಹಾಕದೆ ನಮ್ಮ ಪರಿಚಯದ ಒಬ್ಬರು ಹೊಸ ಲಂಗರನ್ನು ಮೊದಲ ದಿನವೇ ಕಳೆದುಕೊಂಡರು. ಮೇಲೆ ಬಂದಿದ್ದು ಚೈನು ಮಾತ್ರ.

ಇನ್ನು ಹಿನ್ನೀರಿನ ಕಥೆ. ಗೊರೂರಿನ ಹೇಮಾವತಿ ಅಣೆಕಟ್ಟು ಆಗಿದ್ದು 1979ರಲ್ಲಿ, ಅದರ ಹಿನ್ನೀರಿನಡಿ ಊರು, ಹೊಲ, ತೋಪು ಎಲ್ಲ ಇದ್ದವು. ಶೆಟ್ಟಿಹಳ್ಳಿಯ ಚರ್ಚ್ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದಲ್ಲ, ಬೇಸಿಗೆಯಲ್ಲಿ ಅದರ ಸುತ್ತ ನಡೆದು ನೋಡಿ. ನೀರಿನಡಿ ಏನೇನಿದೆ ಅಂತ ಗೊತ್ತಾಗುತ್ತದೆ. ಮರದ ಮೋಟು, ಹಳೆ ಗೋಡೆಯ ಕಲ್ಲು, ಬೇರು. ಅನುಮತಿ ಇದ್ದ ಗೆಳೆಯರ ಜೊತೆ ನಾವೂ ಒಂದು ಸಲ ದೋಣಿ ಇಳಿಸಿದ್ದೆವು. ಅಲ್ಲಿ ಡ್ಯಾನ್‌ಫೋರ್ತ್ ನೆಲ ಕಚ್ಚದೆ ಕಲ್ಲಿನ ಮೇಲೆ ಟಣಟಣ ಅಂತ ಜಾರಿತು. ಮಡಚುವ ಗ್ರಾಪ್ನೆಲ್ ಬಿಟ್ಟೆವು, ಅದು ತಕ್ಷಣ ಸಿಕ್ಕಿಕೊಂಡಿತು. ಎಷ್ಟು ಗಟ್ಟಿಯಾಗಿ ಅಂದರೆ ಸಂಜೆ ಎತ್ತಲು ಬರಲೇ ಇಲ್ಲ. ನಾಲ್ಕು ದಿಕ್ಕಿನಿಂದ ಎಳೆದು, ಕತ್ತಲಾಗುತ್ತಿದ್ದುದರಿಂದ ಹಗ್ಗ ಕುಯ್ದು ಬಂದೆವು. ಒಂದೂವರೆ ಕೆಜಿ ಲಂಗರು, ಆರು ಮಾರು ಒಳ್ಳೆ ಹಗ್ಗ ಅಲ್ಲೇ ಉಳಿಯಿತು. ಆ ಸಮಯದಲ್ಲಿ ಎಲ್ಲರೂ ಒಂದೇ ಕಡೆ ಬಾಗಿ ಎಳೆಯಲು ಹೋಗಬೇಡಿ. ದೋಣಿ ಮಗುಚುವುದು ಹಾಗೇ. ಹಗ್ಗ ಹೋದರೆ ಹೋಗಲಿ.

ಮೇಸ್ತ್ರಿ ಹಾಕಿದ ಆ ಕೆಳಗಿನ ಬಳೆ ಬೇಕಾಗುವುದು ಇಲ್ಲಿ. ಚೈನನ್ನು ಮೇಲಿನ ಬಳೆಗೆ ಕಟ್ಟದೆ, ಕೊಕ್ಕೆಗಳ ಕಡೆಗಿರುವ ಕೆಳಗಿನ ಬಳೆಗೆ ಶಾಕಲ್ ಹಾಕಬೇಕು. ಚೈನನ್ನು ಕಂಬಿಯ ಉದ್ದಕ್ಕೂ ಮೇಲೆ ತಂದು, ಮೇಲಿನ ಬಳೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಬಿಗಿಯಬೇಕು. ಸಾಧಾರಣ ಎಳೆತಕ್ಕೆ ಅದು ಮಾಮೂಲಿ ಲಂಗರಿನ ಹಾಗೇ ಕೆಲಸ ಮಾಡುತ್ತದೆ. ಮೋಟಿಗೆ ಸಿಕ್ಕಿಕೊಂಡರೆ ದೋಣಿಯನ್ನು ಅದರ ಮೇಲಕ್ಕೆ ತಂದು ಜೋರಾಗಿ ಜಗ್ಗಿದರೆ ಟೈ ಪಟ್ ಅಂತ ಕಿತ್ತುಹೋಗುತ್ತದೆ, ಎಳೆತ ಹಿಂದಿನಿಂದ ಬೀಳುತ್ತದೆ, ಲಂಗರು ಹೋದ ದಾರಿಯಲ್ಲೇ ವಾಪಸ್ ಜಾರಿ ಬರುತ್ತದೆ. ಮುಂದಿನ ಮೂರು ಸಲದಲ್ಲಿ ಎರಡು ಸಲ ಟೈ ಕಿತ್ತಿತು, ಎರಡು ಸಲವೂ ಲಂಗರು ಮನೆಗೆ ಬಂತು. ಟೈ ತೀರಾ ದಪ್ಪದ್ದು ಹಾಕಬೇಡಿ, ಕೀಳುವುದಿಲ್ಲ. ಗಾಳಿ ಜಾಸ್ತಿ ಇರುವ ದಿನ, ಕೋಡಿ ಗೀಡಿ ಹತ್ತಿರ, ಈ ಟೈ ಕಟ್ಟು ಬೇಡವೇ ಬೇಡ. ಬೇಡದಾಗ ಕಿತ್ತುಹೋದರೆ ಕಷ್ಟ.

ಹಾಕುವ ರೀತಿಯೂ ಹೇಳಿಬಿಡುತ್ತೇನೆ. ಗಿರಗಿರ ತಿರುಗಿಸಿ ದೂರ ಎಸೆಯುವುದು ಬೇಡ, ಹಗ್ಗ ಕೊಕ್ಕೆಗೇ ಸುತ್ತಿಕೊಳ್ಳುತ್ತದೆ. ಗಾಳಿಗೆ ಮುಖ ಮಾಡಿ ದೋಣಿ ನಿಲ್ಲಿಸಿ ಮೆಲ್ಲಗೆ ಇಳಿಬಿಡಿ. ನೆಲ ತಾಗಿದ ಮೇಲೆ ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳಲಿ, ಮಾರು ಎಣಿಸುತ್ತಾ ಹಗ್ಗ ಬಿಡಿ, ಆಮೇಲೆ ದೋಣಿಯ ಮೂತಿಗೇ ಕಟ್ಟಿ. ಹಿಂಭಾಗಕ್ಕೆ ಕಟ್ಟಲೇಬಾರದು. ಹಿಂಭಾಗ ಚಪ್ಪಟೆ, ತಗ್ಗು, ಗಾಳಿ ಜೋರಾದರೆ ಅಲೆ ನೇರ ಒಳಗೆ ಬರುತ್ತದೆ. ಕಟ್ಟಿದ ಮೇಲೆ ಬಿಗಿಯಾದ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ಸುಮ್ನೆ ಒಂದು ನಿಮಿಷ ಇರಿ. ಲಂಗರು ಜಾರುತ್ತಿದ್ದರೆ ಗರಗರ ಅಂತ ನಡುಕ ಬೆರಳಿಗೆ ತಿಳಿಯುತ್ತದೆ, ಹಿಡಿದಿದ್ದರೆ ವೀಣೆ ತಂತಿ ಹಾಗೆ ಗಟ್ಟಿ. ದಡದಲ್ಲಿ ಹಿಂದೆ ಮುಂದೆ ಇರುವ ಎರಡು ಗುರುತನ್ನೂ ನೋಡಿಕೊಳ್ಳಿ. ನಮಗೆ ತೂಬಿನ ಕಲ್ಲು, ಅದರ ಹಿಂದೆ ಒಂದು ಸಿಲ್ವರ್ ಮರ. ಅವೆರಡೂ ಒಂದೇ ಸಾಲಿನಲ್ಲಿ ಇರುವ ತನಕ ದೋಣಿ ಕದಲಿಲ್ಲ ಅಂತ ಲೆಕ್ಕ. ಗಾಳಿ ದಿಕ್ಕು ತಿರುಗಿದರೆ ಸಾಲು ತಪ್ಪುತ್ತದೆ, ಆಗ ಮತ್ತೆ ಬೆರಳಲ್ಲಿ ಹಿಡಿದು ನೋಡಿ. ಡ್ಯಾನ್‌ಫೋರ್ತ್‌ಗೆ ಇರುವ ದೊಡ್ಡ ಕೊರತೆ ಇದೇ, ಎಳೆತದ ದಿಕ್ಕು ಪೂರ್ತಿ ಬದಲಾದರೆ ಕಿತ್ತುಕೊಂಡು ಮತ್ತೆ ಕಚ್ಚದೆ ಇರಬಹುದು. ಜೊಂಡು, ಪಾಚಿ ಜಾಸ್ತಿ ಇರುವ ಕಡೆಯೂ ಅದು ಸರಿ ಹೋಗುವುದಿಲ್ಲ, ರೆಕ್ಕೆ ತುಂಬ ಪಾಚಿ ಸುತ್ತಿಕೊಂಡು ಮಣ್ಣಿಗೆ ತಾಗುವುದೇ ಇಲ್ಲ. ಹಾಗಾಗಿ ಅಯ್ಯನಕೆರೆ, ಹಿರೇಕೊಳಲೆ, ನಿಮ್ಮ ತೋಟದ ಕೆರೆ, ಯಾವುದೇ ಆಗಲಿ, ದುಡ್ಡು ಕೊಡುವ ಮುಂಚೆ ಏಪ್ರಿಲ್‌ನಲ್ಲಿ ಒಂದು ಸಲ ಅಂಚಿನಲ್ಲಿ ನಡೆದು ನೆಲ ಎಂಥದ್ದು ಅಂತ ನೋಡಿ ಬನ್ನಿ. ದೊಡ್ಡ ಜಲಾಶಯಕ್ಕೆ ಅನುಮತಿ ಕೇಳಿಯೇ ಇಳಿಯಿರಿ, ಗೇಟಿನ ಹತ್ತಿರ ಯಾವ ಲಂಗರು ನಂಬಿಕೊಂಡೂ ಹೋಗಬೇಡಿ.

ಈಗ ನಮ್ಮ ದೋಣಿಯಲ್ಲಿ ಎರಡು ಇವೆ. ಕೆರೆಗೆ ಡ್ಯಾನ್‌ಫೋರ್ತ್, ಹಿನ್ನೀರಿಗೆ ಮೇಸ್ತ್ರಿ ಮಾಡಿದ್ದು. ಅಣಬೆಯನ್ನು ಕಯಾಕ್ ಇರುವ ಒಬ್ಬರಿಗೆ ಕೊಟ್ಟೆ. ಮಡಚುವುದನ್ನು ಇನ್ನೊಂದು ತರಿಸಲಿಲ್ಲ. ಡ್ಯಾನ್‌ಫೋರ್ತ್‌ಗೆ ಕೊಟ್ಟ 3,800 ಜಾಸ್ತಿ ಅನ್ನಿಸಿತ್ತು, ಆ ಅಂಗಡಿಯಲ್ಲಿ ಎರಡೂವರೆ ಕೆಜಿಯದು ಸಾವಿರ ರೂಪಾಯಿ ಕಡಿಮೆಗೇ ಇತ್ತು, ನೀವು ಅದನ್ನೇ ತನ್ನಿ. ತರುವಾಗ ಕೀಲು ಸರಾಗ ಆಡುತ್ತಾ ನೋಡಿ, ಬೆಸುಗೆ ಹತ್ತಿರ ಸತು ಬಿಟ್ಟುಹೋಗಿದೆಯಾ ನೋಡಿ, ಕೀಲಿನ ನಡುವೆ ಬೆರಳು ಇಡಬೇಡಿ. ಹಗ್ಗ ಗಂಟಾಗದ ಹಾಗೆ ತಳಕ್ಕೆ ತೂತು ಕೊರೆದ ಬಕೆಟ್ಟಿನಲ್ಲಿ ಸುತ್ತಿ ಇಡುತ್ತೇವೆ, ನೀರು ಬಸಿದು ಹೋಗುತ್ತದೆ, ಎಳೆದ ಹಾಗೆ ಸರಸರ ಬರುತ್ತದೆ. ಹಗ್ಗದ ಈ ಕಡೆ ತುದಿಯನ್ನು ನೀರಿಗೆ ಬಿಡುವ ಮೊದಲೇ ದೋಣಿಗೆ ಕಟ್ಟಿರುತ್ತೇವೆ. ಬಕೆಟ್ಟಿನ ಪಕ್ಕ ಒಂದು ಚೂರಿ ಸಿಕ್ಕಿಸಿದೆ. ಅಕ್ಕನ ಮಗ ಪ್ರತಿ ಸಲ ಹೊರಡುವ ಮುಂಚೆ ಆ ಚೂರಿ ಇದೆಯಾ, ಶಾಕಲ್‌ಗೆ ತಂತಿ ಇದೆಯಾ ಅಂತ ಮುಟ್ಟಿ ನೋಡುತ್ತಾನೆ. ಮಾರು ಎಣಿಸುವವನೂ ಅವನೇ. ಅವನ ಮಾರು ಸಣ್ಣದು, ಅದಕ್ಕೆ ಒಂದಾಳಿಗೆ ಹತ್ತು ಎಣಿಸು ಅಂತ ಹೇಳಿದ್ದೇನೆ.